ಕೇಳದೆ ಹಾಕಿದ ಸುಂಕ

1956ರ ನವೆಂಬರ್ 30ರಂದು ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಲೋಕಸಭೆಯ ಮುಂದೆ ಹೊಸ ತೆರಿಗೆಗಳ ಪಟ್ಟಿಯೊಂದನ್ನು ಇಟ್ಟರು. ಅದು ಬಜೆಟ್ಟಿನ ಕಾಲವಲ್ಲ. ಫೆಬ್ರವರಿ ಮುಗಿಯಲು ಇನ್ನೂ ಮೂರು ತಿಂಗಳಿತ್ತು. ಆದರೆ ಎರಡನೆಯ ಪಂಚವಾರ್ಷಿಕ ಯೋಜನೆಗೆ ಹಣ ಸಾಲುತ್ತಿರಲಿಲ್ಲ. ಕಾಯುತ್ತ ಕೂರುವುದು ಹೊಸ ಸಚಿವರ ಜಾಯಮಾನವೂ ಆಗಿರಲಿಲ್ಲ. ಆಸ್ತಿ, ಷೇರು ಮಾರಿ ಗಳಿಸಿದ ಲಾಭದ ಮೇಲಿನ ತೆರಿಗೆ ಮರಳಿ ಬಂತು. ಪಟ್ಟಿಯ ಒಂದು ಮೂಲೆಯಲ್ಲಿ ವಾಣಿಜ್ಯ ಹುಂಡಿಗಳ ಮೇಲಿನ ಸ್ಟಾಂಪ್ ಸುಂಕ ಹೆಚ್ಚಿಸುವ ಸಣ್ಣದೊಂದು ಪ್ರಸ್ತಾವವೂ ಇತ್ತು. ಹುಂಡಿ ಬರೆಯುವ ವರ್ತಕರನ್ನೂ ಅದರ ಮೇಲೆ ಸಾಲ ಕೊಡುವ ಬ್ಯಾಂಕಿನವರನ್ನೂ ಬಿಟ್ಟರೆ ಬೇರೆ ಯಾರಿಗೂ ಅದರ ಗೊಡವೆ ಇರಲಿಲ್ಲ.

ಬೊಂಬಾಯಿಯಲ್ಲಿದ್ದ ರಿಸರ್ವ್ ಬ್ಯಾಂಕಿನ ಗವರ್ನರ್ ಬೆನಗಲ್ ರಾಮರಾಯರಿಗೆ ಮಾತ್ರ ಅದು ತಮ್ಮ ಸಂಸ್ಥೆಯ ಬುಡಕ್ಕೇ ಬಿದ್ದ ಏಟಾಗಿ ಕಂಡಿತು. ಆ ಸುಂಕದ ಸುತ್ತ ಎದ್ದ ಜಗಳ ಏಳು ವಾರ ತುಂಬುವ ಮೊದಲೇ ಅವರ ಹುದ್ದೆಯನ್ನು ನುಂಗಿತು. ಗೆದ್ದ ಸಚಿವರೂ ಬಹಳ ದಿನ ಉಳಿಯಲಿಲ್ಲ; 1958ರ ಫೆಬ್ರವರಿಯಲ್ಲಿ, ಬೇರೊಂದು ಪ್ರಕರಣದಲ್ಲಿ, ಅವರೂ ರಾಜೀನಾಮೆ ಕೊಟ್ಟು ಹೊರಟರು. ಮೊದಲನೆಯದು ಹುಂಡಿಯ ಸುಂಕದ ವಿಷಯ, ಎರಡನೆಯದು ವಿಮೆಯ ಹಣದಲ್ಲಿ ಕೊಂಡ ಷೇರುಗಳ ವಿಷಯ. ಎರಡರಲ್ಲೂ ನಡೆದ ತಪ್ಪು ಒಂದೇ: ಕೇಳಬೇಕಾದವರನ್ನು ಕೇಳದೆ ಮಾಡಿದ್ದು.

ಇಬ್ಬರು

ರಾಮರಾಯರು ಮಂಗಳೂರಿನ ಸಾರಸ್ವತ ಮನೆತನದವರು. ತಂದೆ ಬೆನಗಲ್ ರಾಘವೇಂದ್ರ ರಾಯರು ವೈದ್ಯರು. ಅಣ್ಣ ಬೆನಗಲ್ ನರಸಿಂಗ ರಾಯರು ಸಂವಿಧಾನ ಸಭೆಯ ಸಲಹೆಗಾರರಾಗಿ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದವರು, ಮುಂದೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದವರು. ಇನ್ನೊಬ್ಬ ಸೋದರ ಬಿ. ಶಿವರಾವ್ ಹೆಸರಾಂತ ಪತ್ರಕರ್ತರು. ದಕ್ಷಿಣ ಕನ್ನಡದಿಂದ ಕಾಂಗ್ರೆಸ್ ಸದಸ್ಯರಾಗಿ ಮೊದಲ ಲೋಕಸಭೆಯಲ್ಲಿ ಕುಳಿತಿದ್ದರು. ಪತ್ನಿ ಧನವಂತಿ ರಾಮರಾವ್ ಭಾರತದಲ್ಲಿ ಕುಟುಂಬ ಯೋಜನೆಯ ಚಳವಳಿಯನ್ನು ಕಟ್ಟಿದವರಲ್ಲಿ ಪ್ರಮುಖರು. ಮಗಳು ಶಾಂತಾ ರಾಮರಾವ್ ಇಂಗ್ಲಿಷಿನಲ್ಲಿ ಬರೆದು ಹೊರದೇಶಗಳಲ್ಲೂ ಹೆಸರಾದ ಲೇಖಕಿ. ರಾಮರಾಯರು ಕೇಂಬ್ರಿಡ್ಜಿನಲ್ಲಿ ಓದಿ, ಐಸಿಎಸ್ ಸೇರಿ, ದಕ್ಷಿಣ ಆಫ್ರಿಕಾದಲ್ಲಿ ಭಾರತದ ಪ್ರತಿನಿಧಿಯಾಗಿ, ಬೊಂಬಾಯಿ ಬಂದರು ಟ್ರಸ್ಟಿನ ಅಧ್ಯಕ್ಷರಾಗಿ, ಜಪಾನ್ ಮತ್ತು ಅಮೆರಿಕಗಳಲ್ಲಿ ರಾಯಭಾರಿಯಾಗಿ ಕೆಲಸ ಮಾಡಿದ್ದರು. 1949ರ ಜುಲೈ 1ರಂದು ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಆ ಕುರ್ಚಿಯಲ್ಲಿ ಅವರಷ್ಟು ಕಾಲ, ಅಂದರೆ ಏಳೂವರೆ ವರ್ಷ, ಕುಳಿತವರು ಅವರ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಕೃಷ್ಣಮಾಚಾರಿ ಮದರಾಸಿನವರು, ವ್ಯಾಪಾರದಿಂದ ರಾಜಕೀಯಕ್ಕೆ ಬಂದವರು. 1928ರಲ್ಲಿ ಅವರು ಕಟ್ಟಿದ ಟಿಟಿಕೆ ಸಂಸ್ಥೆ ಇಂದಿಗೂ ಅಡುಗೆಮನೆಗಳಲ್ಲಿ ಪರಿಚಿತ ಹೆಸರು. ಅಂಬೇಡ್ಕರ್ ಅಧ್ಯಕ್ಷತೆಯ ಸಂವಿಧಾನ ಕರಡು ಸಮಿತಿಗೆ ಅವರು ನಡುವೆ ಬಂದು ಸೇರಿದ್ದರು. ಎಂದರೆ ರಾಮರಾಯರ ಅಣ್ಣ ಮೊದಲು ಬರೆದ ಕರಡಿನ ಮೇಲೆಯೇ ಇವರೂ ಕೂತು ಕೆಲಸ ಮಾಡಿದ್ದರು. ಮೇಧಾವಿ, ಚುರುಕು, ನಾಲಿಗೆ ಹರಿತ. ಅಧಿಕಾರಿಗಳು ಕಡತ ಕಳಿಸುವವರೆಗೆ ಕಾಯದೆ ತಾವೇ ತೀರ್ಮಾನಕ್ಕೆ ಬಂದುಬಿಡುವ ಸಚಿವರೆಂಬ ಹೆಸರು ವಾಣಿಜ್ಯ ಮತ್ತು ಕೈಗಾರಿಕಾ ಖಾತೆಯಲ್ಲಿದ್ದಾಗಲೇ ಬಂದಿತ್ತು.

ಇವರಿಬ್ಬರನ್ನು ಎದುರುಬದುರು ತಂದು ನಿಲ್ಲಿಸಿದ್ದು ರಾಜ್ಯಗಳ ಪುನರ್ವಿಂಗಡಣೆ. 1950ರಿಂದ ಹಣಕಾಸು ಖಾತೆಯಲ್ಲಿದ್ದ ಸಿ.ಡಿ. ದೇಶಮುಖರು ಬೊಂಬಾಯಿ ನಗರದ ಭವಿಷ್ಯದ ಪ್ರಶ್ನೆಯಲ್ಲಿ ನೆಹರೂ ಅವರೊಂದಿಗೆ ಮುನಿಸಿಕೊಂಡು 1956ರ ಜುಲೈಯಲ್ಲಿ ರಾಜೀನಾಮೆ ಕೊಟ್ಟರು. ದೇಶಮುಖರು ರಾಮರಾಯರಿಗಿಂತ ಮುಂಚೆ ಅದೇ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು, ಅವರೂ ಐಸಿಎಸ್. ಹೀಗಾಗಿ ಆರು ವರ್ಷ ದೆಹಲಿಯ ಹಣಕಾಸು ಇಲಾಖೆಗೂ ಬೊಂಬಾಯಿಯ ಬ್ಯಾಂಕಿಗೂ ನಡುವೆ ಏನೇ ಭಿನ್ನಾಭಿಪ್ರಾಯ ಬಂದರೂ ಮಾತಿನಲ್ಲಿ ಮುಗಿಯುತ್ತಿತ್ತು. ಕೇಳಿ ಮಾಡುವ ಪದ್ಧತಿಯನ್ನು ಕಾಗದದ ಮೇಲೆ ಬರೆದಿಡುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಆಗಸ್ಟ್ ಕೊನೆಯಲ್ಲಿ ಕೃಷ್ಣಮಾಚಾರಿ ಬಂದರು. ನವೆಂಬರ್ 1ರಂದು ರಾಮರಾಯರ ಮಂಗಳೂರು ಮದರಾಸು ರಾಜ್ಯದಿಂದ ಬಿಟ್ಟು ಮೈಸೂರು ರಾಜ್ಯ ಸೇರಿತು. ಅದೇ ತಿಂಗಳ ಕೊನೆಯ ದಿನ ಸ್ಟಾಂಪ್ ಸುಂಕ ಏರಿತು.

ಯೋಜನೆಯ ಹಸಿವು

ಎರಡನೆಯ ಯೋಜನೆ ಮೊದಲನೆಯದರಂತೆ ಸಾಧು ಯೋಜನೆಯಲ್ಲ. ಉಕ್ಕಿನ ಕಾರ್ಖಾನೆ, ಭಾರೀ ಯಂತ್ರ, ರೈಲು ಎಂದು ಸರ್ಕಾರಿ ವಲಯ ಒಂದರಲ್ಲೇ 4,800 ಕೋಟಿ ರೂಪಾಯಿ ಖರ್ಚಿನ ಅಂದಾಜು. ಅದರಲ್ಲಿ 1,200 ಕೋಟಿಯನ್ನು ಖೋತಾ ಹಣಕಾಸಿನಿಂದ, ಅಂದರೆ ಬಹುಮಟ್ಟಿಗೆ ರಿಸರ್ವ್ ಬ್ಯಾಂಕಿನಿಂದ ಸಾಲ ಎತ್ತಿ, ತುಂಬಿಕೊಳ್ಳುವುದೆಂದು ಯೋಜನೆಯಲ್ಲೇ ಬರೆದಿತ್ತು. ಇದಕ್ಕೆ ಬೇಕಾದ ದಾರಿ ಮೊದಲೇ ಸಿದ್ಧವಾಗಿತ್ತು. 1955ರಲ್ಲಿ ಸರ್ಕಾರವೂ ಬ್ಯಾಂಕೂ ಒಂದು ಒಪ್ಪಂದಕ್ಕೆ ಬಂದಿದ್ದವು: ಶುಕ್ರವಾರದ ಲೆಕ್ಕ ಮುಗಿಸುವಾಗ ಕೇಂದ್ರ ಸರ್ಕಾರದ ಖಾತೆಯಲ್ಲಿ 50 ಕೋಟಿಗಿಂತ ಕಡಿಮೆ ಉಳಿದಿದ್ದರೆ, ಕೊರತೆ ಬಿದ್ದಷ್ಟಕ್ಕೆ ತಾತ್ಕಾಲಿಕ ಖಜಾನೆ ಹುಂಡಿಗಳನ್ನು ತನ್ನಷ್ಟಕ್ಕೇ ಹುಟ್ಟಿಸಿ ಬ್ಯಾಂಕು ಹಣ ತುಂಬಬೇಕು. ಕೆಲವು ದಿನಗಳ ಕೈಸಾಲಕ್ಕೆಂದು ಮಾಡಿಕೊಂಡ ಈ ಏರ್ಪಾಟು 1997ರವರೆಗೆ ನಡೆಯಿತು. ಅದಕ್ಕೆ ಒಪ್ಪಿದ್ದು ರಾಮರಾಯರ ಕಾಲದ ರಿಸರ್ವ್ ಬ್ಯಾಂಕೇ ಎಂಬುದನ್ನು ಅವರ ಪರ ವಾದಿಸುವವರು ಮರೆಯಬಾರದು. ಸರ್ಕಾರಕ್ಕೆ ಎಷ್ಟು ಸಾಲ ಎಂಬ ಪ್ರಶ್ನೆಯಲ್ಲಿ ಬ್ಯಾಂಕು ಆಗಲೇ ಕೈಚೆಲ್ಲಿತ್ತು. ವರ್ತಕರಿಗೆ, ಬ್ಯಾಂಕುಗಳಿಗೆ ಸಾಲ ಯಾವ ಬೆಲೆಗೆ ಎಂಬುದಷ್ಟೇ ಅದರ ಕೈಯಲ್ಲಿ ಉಳಿದಿತ್ತು.

ವಿದೇಶಿ ವಿನಿಮಯವೂ ಕರಗುತ್ತಿತ್ತು. ಯುದ್ಧಕಾಲದಲ್ಲಿ ಲಂಡನ್ನಿನಲ್ಲಿ ಕೂಡಿದ್ದ ಸ್ಟರ್ಲಿಂಗ್ ಠೇವಣಿ ಯಂತ್ರಗಳ ಆಮದಿಗೆ ಹರಿದುಹೋಗುತ್ತಿತ್ತು. ಚಲಾವಣೆಯ ನೋಟುಗಳ ಶೇ 40ರಷ್ಟಕ್ಕೆ ಚಿನ್ನವೋ ವಿದೇಶಿ ಸಾಲಪತ್ರವೋ ಬೆನ್ನಿಗಿರಬೇಕೆಂಬ ಹಳೆಯ ನಿಯಮವನ್ನು 1956ರಲ್ಲಿ ಕೈಬಿಟ್ಟು, ಚಿನ್ನ 115 ಕೋಟಿ, ವಿದೇಶಿ ಸಾಲಪತ್ರ 400 ಕೋಟಿ ಇದ್ದರೆ ಸಾಕೆಂದು ಕಾನೂನು ತಿದ್ದಿದರು. ಒಂದೇ ವರ್ಷಕ್ಕೆ ಅದೂ ಭಾರವಾಗಿ, ಎರಡೂ ಸೇರಿ 200 ಕೋಟಿ ಇದ್ದರೆ ಸಾಕೆಂದು ಇಳಿಸಬೇಕಾಯಿತು. ಬೆಲೆಗಳು ಏರುತ್ತಿದ್ದವು, ಬ್ಯಾಂಕುಗಳು ಕೊಡುವ ಸಾಲ ಉಬ್ಬುತ್ತಿತ್ತು. ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಅಂದರೆ ಬ್ಯಾಂಕ್ ದರವಾದರೋ, 1951ರ ನವೆಂಬರ್‌ನಲ್ಲಿ ಶೇ 3.5ಕ್ಕೆ ನಿಂತದ್ದು ಐದು ವರ್ಷವಾದರೂ ಅಲುಗಿರಲಿಲ್ಲ. ಸಚಿವರ ಅಸಹನೆಗೆ ಕಾರಣವೇ ಇರಲಿಲ್ಲವೆಂದು ಹೇಳುವಂತಿಲ್ಲ.

ಹುಂಡಿಯ ಲೆಕ್ಕ

ಸುಗ್ಗಿ ಬಂದರೆ ಹತ್ತಿ, ಸೆಣಬು, ಶೇಂಗಾ ಕೊಳ್ಳಲು ವರ್ತಕರಿಗೆ ಕೈತುಂಬ ಹಣ ಬೇಕು. ಅವರು ಬ್ಯಾಂಕಿಗೆ ಹೋಗುತ್ತಾರೆ. ಬ್ಯಾಂಕಿನಲ್ಲಿ ನಗದು ಸಾಲದಾದರೆ ಅದು ರಿಸರ್ವ್ ಬ್ಯಾಂಕಿಗೆ ಹೋಗುತ್ತದೆ. 1952ರ ಜನವರಿಯಲ್ಲಿ ರಾಮರಾಯರು ಇದಕ್ಕೊಂದು ವ್ಯವಸ್ಥೆ ಮಾಡಿದ್ದರು. ವರ್ತಕರು ಮುದ್ದತಿನ ಹುಂಡಿ ಬರೆದುಕೊಡಬೇಕು, ಬ್ಯಾಂಕುಗಳು ಅವನ್ನು ರಿಸರ್ವ್ ಬ್ಯಾಂಕಿನಲ್ಲಿಟ್ಟು ಮುಂಗಡ ಪಡೆಯಬೇಕು. ಹುಂಡಿ ಬರೆಯುವ ರೂಢಿ ಬೆಳೆಯಲೆಂದು ಮೊದಲಲ್ಲಿ ಬ್ಯಾಂಕ್ ದರಕ್ಕಿಂತ ಅರ್ಧ ಶೇಕಡ ಕಡಿಮೆ ಬಡ್ಡಿ ಹಾಕಿ, ಸ್ಟಾಂಪಿನ ಖರ್ಚಿನಲ್ಲಿ ಅರ್ಧವನ್ನು ರಿಸರ್ವ್ ಬ್ಯಾಂಕೇ ಹೊತ್ತಿತು. ವ್ಯವಸ್ಥೆ ಬೇರು ಬಿಟ್ಟ ಮೇಲೆ, 1956ರಲ್ಲಿ, ಈ ರಿಯಾಯಿತಿಗಳನ್ನು ಮೆಲ್ಲಮೆಲ್ಲನೆ ಹಿಂತೆಗೆದು ಬಡ್ಡಿಯನ್ನು ಶೇ 3.5ಕ್ಕೆ ತಂದಿತ್ತು. ಸಾಲದ ಹರಿವನ್ನು ಬಿಗಿಮಾಡಲು ಬ್ಯಾಂಕಿನ ಬಳಿ ಇದ್ದ ಉಪಾಯಗಳಲ್ಲಿ ಇದು ಮುಖ್ಯವಾದದ್ದು. ಅದನ್ನು ಬಳಸತೊಡಗಿಯೂ ಇತ್ತು.

ಇಂಥ ಹೊತ್ತಿನಲ್ಲಿ ಹುಂಡಿಯ ಸ್ಟಾಂಪ್ ಸುಂಕ ಏರಿತು. ಅದರ ಭಾರವನ್ನು ಬಡ್ಡಿಗೆ ಕೂಡಿಸಿ ನೋಡಿದರೆ ರಿಸರ್ವ್ ಬ್ಯಾಂಕಿನಿಂದ ಎತ್ತುವ ಹಣದ ನಿಜವಾದ ಬೆಲೆ ಸುಮಾರು ಶೇ 4 ಆಯಿತು. ಬ್ಯಾಂಕ್ ದರ ಹೆಸರಿಗೆ 3.5, ಸಾಲ ಸಿಗುವುದು 4ಕ್ಕೆ. ದರವನ್ನು ಏರಿಸಿದ್ದು ಕಾನೂನಿನಂತೆ ಅದಕ್ಕೆ ನೇಮಕವಾದ ಬ್ಯಾಂಕಲ್ಲ, ತೆರಿಗೆ ಹಾಕುವ ಇಲಾಖೆ. ರಾಮರಾಯರ ತಕರಾರು ದರ ಏರಿದ್ದಕ್ಕೆ ಅಷ್ಟಾಗಿ ಇರಲಿಲ್ಲ. ದರ ಏರಿಸಬೇಕಿದ್ದರೆ ಬ್ಯಾಂಕಿಗೆ ಹೇಳಬಹುದಿತ್ತು, ಬ್ಯಾಂಕ್ ದರವನ್ನೇ ಏರಿಸಬಹುದಿತ್ತು. ತೆರಿಗೆಯ ರೂಪದಲ್ಲಿ ಬಡ್ಡಿ ದರವನ್ನು ಕದಲಿಸುವುದಾದರೆ ನಾಳೆ ಹಣದ ಬೆಲೆ ಕಟ್ಟುವವರು ಯಾರು ಎಂಬುದು ಅವರ ಪ್ರಶ್ನೆ. ಸುಂಕ ಅರ್ಧ ಶೇಕಡದ್ದು, ಪ್ರಶ್ನೆ ಅಷ್ಟಕ್ಕೆ ನಿಲ್ಲುವಂಥದ್ದಲ್ಲ.

ಇಂಥ ಜಗಳ ಹೊಸದೂ ಆಗಿರಲಿಲ್ಲ. 1935ರಲ್ಲಿ ಬ್ಯಾಂಕು ಹುಟ್ಟಿದಾಗ ಮೊದಲ ಗವರ್ನರ್ ಆದ ಆಸ್ಟ್ರೇಲಿಯಾದ ಆಸ್ಬೋರ್ನ್ ಸ್ಮಿತ್, ಬಡ್ಡಿ ದರ ಮತ್ತು ರೂಪಾಯಿಯ ವಿನಿಮಯ ದರಗಳ ವಿಷಯದಲ್ಲಿ ವೈಸರಾಯ್ ಮಂಡಲದ ಹಣಕಾಸು ಸದಸ್ಯ ಜೇಮ್ಸ್ ಗ್ರಿಗ್ ಜೊತೆ ಕಚ್ಚಾಡಿ, ಅವಧಿ ಮುಗಿಯುವ ಮೊದಲೇ 1937ರಲ್ಲಿ ಹೊರಟುಹೋಗಿದ್ದ. ಆತನ ಸಹಿ ಒಂದೇ ಒಂದು ನೋಟಿನ ಮೇಲೂ ಬರಲಿಲ್ಲ. ಆಗ ಬ್ಯಾಂಕು ಷೇರುದಾರರದು, ಸರ್ಕಾರ ಪರದೇಶಿಯರದು. ಈಗ ಬ್ಯಾಂಕು 1949ರಿಂದ ಸರ್ಕಾರದ ಸ್ವತ್ತು, ಸರ್ಕಾರ ಜನ ಆರಿಸಿದ್ದು. ಎದುರು ನಿಲ್ಲುವುದು ಈಗ ಹೆಚ್ಚು ಕಷ್ಟವಾಗಿತ್ತು.

ಮಂಡಳಿಯ ಮುಂದೆ

ರಾಮರಾಯರು ಮೊದಲು ಸಚಿವರಿಗೇ ತಮ್ಮ ಆಕ್ಷೇಪ ತಿಳಿಸಿದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತಾಯಿತು. ಕೃಷ್ಣಮಾಚಾರಿ ಅವರ ಲೆಕ್ಕದಲ್ಲಿ ತೆರಿಗೆ ಹಾಕುವುದು ಸಂಸತ್ತಿನ ಹಕ್ಕು, ಅದಕ್ಕೆ ಗವರ್ನರ್ ಒಪ್ಪಿಗೆ ಬೇಕಿಲ್ಲ. ಅಷ್ಟಕ್ಕೆ ನಿಂತಿದ್ದರೆ ಅದು ಒಂದು ವಾದವಾಗುತ್ತಿತ್ತು. ಆದರೆ ರಿಸರ್ವ್ ಬ್ಯಾಂಕು ತಮ್ಮ ಇಲಾಖೆಯ ಒಂದು ಶಾಖೆ ಎಂಬ ಧಾಟಿಯಲ್ಲಿ ಅವರು ಬಹಿರಂಗವಾಗಿಯೇ ಮಾತಾಡಿದರು. ಆ ಬ್ಯಾಂಕಿಗೆ ಸ್ವಂತವಾಗಿ ಯೋಚಿಸುವ ಶಕ್ತಿಯಿದೆಯೇ ಎಂಬ ಅನುಮಾನವನ್ನೂ ಆಡಿದರು. ಮುಖಾಮುಖಿಯಾದಾಗ ಸಚಿವರು ಒರಟಾಗಿ ನಡೆದುಕೊಂಡರೆಂಬುದು ರಾಮರಾಯರ ದೂರು. ಆಗ ಗವರ್ನರ್ ವಯಸ್ಸು 67. ಸಚಿವರಿಗಿಂತ ಹತ್ತು ವರ್ಷ ಹಿರಿಯರು.

ಡಿಸೆಂಬರ್‌ನಲ್ಲಿ ರಾಮರಾಯರು ಬ್ಯಾಂಕಿನ ಕೇಂದ್ರ ಮಂಡಳಿಯ ಮುಂದೆ ಒಂದು ಜ್ಞಾಪನಪತ್ರ ಇಟ್ಟರು. ಸುಂಕದ ಹೆಚ್ಚಳ ಪರಿಣಾಮದಲ್ಲಿ ಬ್ಯಾಂಕ್ ದರದ ಹೆಚ್ಚಳವೇ ಆಗಿದೆ, ಇದರಿಂದ ಹಣದ ನೀತಿಯ ಮೇಲೆ ಬ್ಯಾಂಕಿಗಿರುವ ಹಿಡಿತ ಸಡಿಲವಾಗುತ್ತದೆ ಎಂದು ವಿವರಿಸಿದರು. ಮಂಡಳಿಯವರು ಗವರ್ನರ್ ಬೆನ್ನಿಗೆ ನಿಂತರು. ದೇಶದ ಹಣದ ವ್ಯವಸ್ಥೆಯನ್ನೂ ನೀತಿಯನ್ನೂ ಗಣನೀಯವಾಗಿ ತಟ್ಟುವ ವಿಷಯಗಳಲ್ಲಿ ಸರ್ಕಾರ ಮುಂಚಿತವಾಗಿ ರಿಸರ್ವ್ ಬ್ಯಾಂಕನ್ನು ಸಮಾಲೋಚಿಸಬೇಕು ಎಂದು ನಿರ್ಣಯ ಮಾಡಿದರು. ಸುಂಕ ರದ್ದಾಗಬೇಕು, ಬ್ಯಾಂಕಿನ ಮಾತೇ ಕೊನೆಯ ಮಾತಾಗಬೇಕು ಎಂದು ಮಂಡಳಿ ಪಟ್ಟು ಹಿಡಿಯಲಿಲ್ಲ. ಮುಂದಿನ ಸಲವಾದರೂ ಕೇಳಿ ಮಾಡಿ ಎಂದಿತು, ಅಷ್ಟೇ.

ದೆಹಲಿಗೆ ಅಷ್ಟೂ ಸಹನೆಯಾಗಲಿಲ್ಲ. ಸಚಿವರು ನಿರ್ಣಯವನ್ನು ಪ್ರಧಾನಿಯ ಬಳಿಗೆ ಒಯ್ದರು. 1957ರ ಮೊದಲ ದಿನಗಳಲ್ಲಿ ನೆಹರೂ ರಾಮರಾಯರಿಗೆ ಬರೆದ ಪತ್ರ ಭಾರತದ ಕೇಂದ್ರ ಬ್ಯಾಂಕಿನ ಇತಿಹಾಸದಲ್ಲಿ ಮುಖ್ಯವಾದ ದಾಖಲೆ. ಅದರ ತಾತ್ಪರ್ಯ ಹೀಗಿತ್ತು: ರಿಸರ್ವ್ ಬ್ಯಾಂಕು ಸ್ವಾಯತ್ತವೇನೋ ಸರಿ, ಆದರೆ ಅದು ಕೇಂದ್ರ ಸರ್ಕಾರದ ನಿರ್ದೇಶನಕ್ಕೆ ಒಳಪಟ್ಟದ್ದು. ಸಲಹೆ ಕೊಡಬಹುದು, ಸರ್ಕಾರದ ಮೂಲ ನೀತಿಗೆ ಎದುರಾಗಿ ನಡೆಯುವಂತಿಲ್ಲ. ಯೋಜಿತ ಆರ್ಥಿಕತೆಯಲ್ಲಿ ಸರ್ಕಾರ ಒಂದು ದಾರಿ, ಅದರ ಬ್ಯಾಂಕು ಇನ್ನೊಂದು ದಾರಿ ಹಿಡಿದರೆ ಅರ್ಥವಿಲ್ಲ. ಮಂಡಳಿಯ ಮುಂದೆ ಜ್ಞಾಪನಪತ್ರ ಇಟ್ಟು ಸರ್ಕಾರವನ್ನು ಟೀಕಿಸಿದ ಕ್ರಮ ಚಳವಳಿಗಾರರಿಗೆ ಒಪ್ಪುವಂಥದ್ದು, ಗವರ್ನರಿಗಲ್ಲ ಎಂದೂ ಪ್ರಧಾನಿ ಅಸಮಾಧಾನ ತೋರಿದರು. ತೆರಿಗೆಯ ಪ್ರಸ್ತಾವ ಸಂಪುಟದಲ್ಲಿ ಚರ್ಚೆಯಾಗಿ ಬಂದದ್ದು, ಆದ್ದರಿಂದ ಹೊಣೆ ಒಬ್ಬ ಸಚಿವರದಲ್ಲ ಎಂಬುದು ಅವರ ನಿಲುವಾಗಿತ್ತು.

ಪತ್ರ ಓದಿದ ಮೇಲೆ ರಾಮರಾಯರಿಗೆ ಉಳಿಯಲು ದಾರಿಯಿರಲಿಲ್ಲ. ಜನವರಿ 14ರಂದು ಹುದ್ದೆ ಬಿಟ್ಟರು. ಮಹಾಚುನಾವಣೆಗೆ ಇನ್ನು ಒಂದೂವರೆ ತಿಂಗಳೂ ಇರಲಿಲ್ಲ. ಗವರ್ನರ್ ಒಬ್ಬರು ಹೋದದ್ದು ಯಾವ ಪ್ರಚಾರ ಸಭೆಯ ವಿಷಯವೂ ಆಗುವಂತಿರಲಿಲ್ಲ.

ಡೆಪ್ಯುಟಿ ಗವರ್ನರ್ ಕೆ.ಜಿ. ಅಂಬೇಗಾಂವ್‌ಕರ್ ಒಂದೂವರೆ ತಿಂಗಳು ಕುರ್ಚಿ ನೋಡಿಕೊಂಡರು. ಮಾರ್ಚ್ 1ರಂದು ಬಂದವರು ಎಚ್.ವಿ.ಆರ್. ಅಯ್ಯಂಗಾರ್. ಅವರೂ ಐಸಿಎಸ್, ಗೃಹ ಕಾರ್ಯದರ್ಶಿಯಾಗಿ, ಸ್ಟೇಟ್ ಬ್ಯಾಂಕಿನ ಅಧ್ಯಕ್ಷರಾಗಿ ಅನುಭವ ಇದ್ದವರು. ಮೇ 15ರಂದು ಕೃಷ್ಣಮಾಚಾರಿ ತಮ್ಮ ಬಜೆಟ್ ಮಂಡಿಸಿ ಸಂಪತ್ತಿನ ತೆರಿಗೆಯನ್ನೂ ವೆಚ್ಚದ ತೆರಿಗೆಯನ್ನೂ ತಂದರು. ಮರುದಿನ, ಮೇ 16ರಂದು, ರಿಸರ್ವ್ ಬ್ಯಾಂಕು ಬ್ಯಾಂಕ್ ದರವನ್ನು ಶೇ 3.5ರಿಂದ 4ಕ್ಕೆ ಏರಿಸಿತು. ಜೊತೆಗೇ ಹುಂಡಿಯ ಸ್ಟಾಂಪ್ ಸುಂಕ ಇಳಿಯಿತು. ರಾಮರಾಯರು ಸರಿಯಾದ ದಾರಿ ಎಂದದ್ದು ಇದನ್ನೇ. ಅವರು ಹೋಗಿ ಆಗಲೇ ನಾಲ್ಕು ತಿಂಗಳಾಗಿತ್ತು.

ಮುಂದ್ರಾನ ಷೇರು

ಇನ್ನೂ ಒಂದು ತಿಂಗಳಾಯಿತು. ಕಲ್ಕತ್ತೆಯ ಷೇರುಪೇಟೆಯಲ್ಲಿ ಹರಿದಾಸ್ ಮುಂದ್ರಾ ಎಂಬ ಸಟ್ಟಾ ವ್ಯಾಪಾರಿ ಕುತ್ತಿಗೆಮಟ್ಟ ಸಾಲದಲ್ಲಿದ್ದ. ಬ್ರಿಟಿಷರು ಬಿಟ್ಟುಹೋದ ಕಂಪನಿಗಳನ್ನು ಒಂದೊಂದಾಗಿ ಸಾಲದ ಹಣದಲ್ಲಿ ಕೈವಶ ಮಾಡಿಕೊಂಡಿದ್ದವನಿಗೆ ಸಾಲಗಾರರ ಕಾಟ ಹೆಚ್ಚಿತ್ತು. 1957ರ ಜೂನ್‌ನಲ್ಲಿ ಭಾರತೀಯ ಜೀವ ವಿಮಾ ನಿಗಮ ಅವನ ಆರು ಕಂಪನಿಗಳ ಷೇರುಗಳನ್ನು ಸುಮಾರು 1.24 ಕೋಟಿ ರೂಪಾಯಿಗೆ ಕೊಂಡಿತು. ರಿಚರ್ಡ್‌ಸನ್ ಕ್ರುಡಾಸ್, ಜೆಸಪ್, ಸ್ಮಿತ್ ಸ್ಟೇನಿಸ್ಟ್ರೀಟ್, ಆಸ್ಲರ್ ಲ್ಯಾಂಪ್, ಆಂಜೆಲೊ ಬ್ರದರ್ಸ್, ಬ್ರಿಟಿಷ್ ಇಂಡಿಯಾ ಕಾರ್ಪೊರೇಷನ್. ಖಾಸಗಿ ವಿಮಾ ಕಂಪನಿಗಳನ್ನು ರಾಷ್ಟ್ರೀಕರಿಸಿ ನಿಗಮ ಹುಟ್ಟಿ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಪಾಲಿಸಿದಾರರ ಹಣ ಎಲ್ಲಿ ಹೂಡಬೇಕೆಂದು ಸಲಹೆ ಕೊಡಲು ಅದಕ್ಕೊಂದು ಹೂಡಿಕೆ ಸಮಿತಿ ಇತ್ತು. ಷೇರುಪೇಟೆಯ ಒಳಹೊರಗು ಬಲ್ಲವರು ಅದರಲ್ಲಿದ್ದರು. ಮುಂದ್ರಾ ಯಾರೆಂದು ಅವರಿಗೆ ಗೊತ್ತಿತ್ತು. ಅವರನ್ನು ಕೇಳಲೇ ಇಲ್ಲ.

ವಿಷಯ ಹೇಗೋ ಹೊರಬಿತ್ತು. ಸೆಪ್ಟೆಂಬರ್‌ನಲ್ಲಿ ರಾಮ್ ಸುಭಗ್ ಸಿಂಗ್ ಲೋಕಸಭೆಯಲ್ಲಿ ಪ್ರಶ್ನೆ ಎತ್ತಿದರು. ಉತ್ತರ ನುಣುಚಿಕೊಂಡು ಹೋಯಿತು. ಡಿಸೆಂಬರ್ 16ರಂದು ಪ್ರಧಾನಿಯ ಅಳಿಯ ಫಿರೋಜ್ ಗಾಂಧಿ ಆಡಳಿತ ಪಕ್ಷದ ಬೆಂಚಿನಿಂದಲೇ ಎದ್ದುನಿಂತರು. ಷೇರುಪೇಟೆಯ ದರಗಳನ್ನು ಮುಂದಿಟ್ಟು, ಲಕ್ಷಾಂತರ ಪಾಲಿಸಿದಾರರ ಹಣದಿಂದ ಪೇಟೆಯ ದರಕ್ಕಿಂತ ಹೆಚ್ಚು ತೆತ್ತು ಒಬ್ಬ ಸಟ್ಟಾಗಾರನನ್ನು ಉಳಿಸಿದ್ದೇಕೆ ಎಂದು ಕೇಳಿದರು. ಕಲ್ಕತ್ತೆಯ ಪೇಟೆ ಕುಸಿಯದಂತೆ ತಡೆಯಲು ಎಂಬ ಸಮರ್ಥನೆ ನಿಲ್ಲಲಿಲ್ಲ. ಜನವರಿಯಲ್ಲಿ ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗಲಾ ಅವರ ಏಕಸದಸ್ಯ ಆಯೋಗ ನೇಮಕವಾಯಿತು.

ಛಾಗಲಾ ವಿಚಾರಣೆಯನ್ನು ಬೊಂಬಾಯಿಯಲ್ಲಿ ಬಾಗಿಲು ತೆರೆದಿಟ್ಟು ನಡೆಸಿದರು. ಜನ ಎಷ್ಟು ನೆರೆದರೆಂದರೆ ಹೊರಗಿದ್ದವರಿಗಾಗಿ ಧ್ವನಿವರ್ಧಕ ಕಟ್ಟಬೇಕಾಯಿತು. ಹಣಕಾಸು ಇಲಾಖೆಯ ಪ್ರಧಾನ ಕಾರ್ಯದರ್ಶಿ ಎಚ್.ಎಂ. ಪಟೇಲ್, ನಿಗಮದ ಅಧಿಕಾರಿಗಳು, ಸ್ಟೇಟ್ ಬ್ಯಾಂಕಿನ ಅಧ್ಯಕ್ಷ ಪಿ.ಸಿ. ಭಟ್ಟಾಚಾರ್ಯ, ಕೊನೆಗೆ ಸಚಿವರು ಒಬ್ಬೊಬ್ಬರಾಗಿ ಸಾಕ್ಷಿಯ ಕಟ್ಟೆ ಹತ್ತಿದರು. ರಿಸರ್ವ್ ಬ್ಯಾಂಕಿನ ಗವರ್ನರ್ ಅಯ್ಯಂಗಾರ್ ಕೂಡ ಸಾಕ್ಷಿ ನುಡಿಯಬೇಕಾಯಿತು, ಏಕೆಂದರೆ ಮುಂದ್ರಾ ಮತ್ತು ಕಲ್ಕತ್ತೆ ಪೇಟೆಯ ಬಗ್ಗೆ ಜೂನ್‌ನಲ್ಲಿ ದೊಡ್ಡವರ ನಡುವೆ ನಡೆದ ಮಾತುಕತೆಗಳಲ್ಲಿ ಅವರೂ ಇದ್ದರು. ಸಚಿವರ ಒಪ್ಪಿಗೆ ಇತ್ತೆಂದು ಪಟೇಲ್ ಹೇಳಿದರು. ತಾವು ಒಪ್ಪಿಗೆ ಕೊಟ್ಟಿರಲಿಲ್ಲವೆಂದು ಕೃಷ್ಣಮಾಚಾರಿ ಹೇಳಿದರು. ಯಾರು ಏನು ಅಂದರು, ಯಾರು ಅದನ್ನು ಹೇಗೆ ಅರ್ಥಮಾಡಿಕೊಂಡರು ಎಂದು ತಡಕುವುದರಲ್ಲೇ ಆಯೋಗದ ಬಹುಪಾಲು ಕಾಲ ಹೋಯಿತು. ಕಾರಣ ಸರಳ: ಬರೆದಿಟ್ಟ ಆದೇಶ ಒಂದೂ ಇರಲಿಲ್ಲ.

ಫೆಬ್ರವರಿ 10ರಂದು ಛಾಗಲಾ ವರದಿ ಒಪ್ಪಿಸಿದರು. ಕಾರ್ಯದರ್ಶಿ ಮಾಡಿದ್ದಕ್ಕೆ ಸಚಿವರೇ ಹೊಣೆ, ತನಗೆ ಗೊತ್ತಿರಲಿಲ್ಲವೆಂದು ಜಾರಿಕೊಳ್ಳುವಂತಿಲ್ಲ ಎಂದರು. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ನೆಹರೂ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿ, ಆ ತಿಂಗಳ 28ರಂದು ಬಜೆಟ್ಟನ್ನು ತಾವೇ ಓದಿದರು. ಮುಂದ್ರಾ ಜೈಲು ಕಂಡ. ಸಚಿವರೂ ಕಾರ್ಯದರ್ಶಿಯೂ ಮುಂದೆ ಚೇತರಿಸಿಕೊಂಡರು: ಕೃಷ್ಣಮಾಚಾರಿ 1963ರಲ್ಲಿ ಮತ್ತೆ ಹಣಕಾಸು ಸಚಿವರಾದರು, ಪಟೇಲ್ 1977ರಲ್ಲಿ ಜನತಾ ಸರ್ಕಾರದಲ್ಲಿ ಅದೇ ಖಾತೆಯ ಸಚಿವರಾದರು. ರಾಮರಾಯರಿಗೆ ಅಂಥ ಎರಡನೆಯ ಅವಕಾಶ ಬರಲಿಲ್ಲ, 1969ರಲ್ಲಿ ತೀರಿಕೊಂಡರು.

ಬರವಣಿಗೆಯ ಕಾವಲು

ರಾಮರಾಯರು ಇದ್ದಿದ್ದರೆ ಮುಂದ್ರಾ ಹಗರಣ ನಡೆಯುತ್ತಿರಲಿಲ್ಲ ಎಂದು ಹೇಳಲು ಆಧಾರವಿಲ್ಲ. ವಿಮಾ ನಿಗಮ ರಿಸರ್ವ್ ಬ್ಯಾಂಕಿನ ಅಂಕೆಯಲ್ಲಿರಲಿಲ್ಲ. ಆದರೆ ಏಳು ತಿಂಗಳ ಅಂತರದಲ್ಲಿ ಅದೇ ಇಲಾಖೆ ಎರಡು ಸ್ವಾಯತ್ತ ಸಂಸ್ಥೆಗಳನ್ನು ನಡೆಸಿಕೊಂಡ ರೀತಿಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ. ಮೊದಲನೆಯದರಲ್ಲಿ ಕೇಂದ್ರ ಮಂಡಳಿಯನ್ನು ಕೇಳಲಿಲ್ಲ, ಎರಡನೆಯದರಲ್ಲಿ ಹೂಡಿಕೆ ಸಮಿತಿಯನ್ನು ಕೇಳಲಿಲ್ಲ. ಮೊದಲನೆಯದರಲ್ಲಿ ಗವರ್ನರ್ ತಮ್ಮ ವಿರೋಧವನ್ನು ಬರೆದು ಮಂಡಳಿಯ ಮುಂದಿಟ್ಟರು. ಅದು ಅಶಿಸ್ತು ಎನಿಸಿತು. ಎರಡನೆಯದರಲ್ಲಿ ಯಾರೂ ಏನನ್ನೂ ಬರೆಯಲಿಲ್ಲ. ಎಲ್ಲ ಬಾಯಿಮಾತಿನಲ್ಲಿ, ಹೊಂದಾಣಿಕೆಯಲ್ಲಿ ನಡೆಯಿತು. ಬೆಲೆ ತೆತ್ತವರು ಪಾಲಿಸಿದಾರರು.

ನೆಹರೂ ಅವರ ವಾದ ಹಗುರವಾದದ್ದಲ್ಲ. ಮತ ಹಾಕಿದ ಜನರಿಗೆ ಉತ್ತರ ಹೇಳಬೇಕಾದವರು ಸಚಿವರು, ಗವರ್ನರ್ ಅಲ್ಲ. ದೇಶ ಉಕ್ಕಿನ ಕಾರ್ಖಾನೆ ಕಟ್ಟಬೇಕೋ ಬೇಡವೋ ಎಂಬುದನ್ನು ಬೊಂಬಾಯಿಯ ಮಂಡಳಿ ತೀರ್ಮಾನಿಸುವಂತಿಲ್ಲ. ರಾಮರಾಯರೂ ಹಾಗೆ ಕೇಳಿರಲಿಲ್ಲ. ಕೊನೆಯ ಮಾತು ಯಾರದು ಎಂಬ ಪ್ರಶ್ನೆಗೆ ನೆಹರೂ ಉತ್ತರ ಕೊಟ್ಟರು. ರಾಮರಾಯರು ಕೇಳಿದ್ದು ಮೊದಲ ಮಾತು ಆಡಲು ಅವಕಾಶ ಇದೆಯೇ ಎಂದು. ಈ ಎರಡನ್ನೂ ಒಂದೇ ಎಂದುಕೊಂಡದ್ದು ಆ ಪತ್ರದ ದೋಷ.

ತಮಾಷೆಯೆಂದರೆ ಕಾನೂನು ಈ ವ್ಯತ್ಯಾಸವನ್ನು ಆಗಲೇ ಗುರುತಿಸಿತ್ತು. ರಾಷ್ಟ್ರೀಕರಣದ ಕಾಲದಲ್ಲಿ ಸೇರಿಸಿದ ರಿಸರ್ವ್ ಬ್ಯಾಂಕ್ ಕಾಯ್ದೆಯ 7ನೆಯ ಕಲಮಿನ ಪ್ರಕಾರ ಸಾರ್ವಜನಿಕ ಹಿತಕ್ಕೆ ಅಗತ್ಯವೆಂದು ಕಂಡರೆ ಸರ್ಕಾರ ಬ್ಯಾಂಕಿಗೆ ನಿರ್ದೇಶನ ಕೊಡಬಹುದು, ಆದರೆ ಗವರ್ನರ್ ಜೊತೆ ಸಮಾಲೋಚಿಸಿದ ಮೇಲೆ. ವಿಮಾ ನಿಗಮದ ಕಾಯ್ದೆಯಲ್ಲೂ ಸರ್ಕಾರ ನಿರ್ದೇಶನ ಕೊಡಬಹುದಿತ್ತು, ಆದರೆ ಲಿಖಿತವಾಗಿ. ಸ್ಟಾಂಪ್ ಸುಂಕದಲ್ಲೂ ಮುಂದ್ರಾ ವ್ಯವಹಾರದಲ್ಲೂ ಸರ್ಕಾರ ಈ ನೇರ ದಾರಿ ಹಿಡಿಯಲಿಲ್ಲ. ನಿರ್ದೇಶನ ಬರೆದುಕೊಟ್ಟರೆ ಅದರ ಕೆಳಗೆ ಸಹಿ ಇರಬೇಕಾಗುತ್ತದೆ, ನಾಳೆ ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ಛಾಗಲಾ ತಮ್ಮ ವರದಿಯಲ್ಲಿ ಬೆರಳಿಟ್ಟದ್ದು ಇಲ್ಲಿಗೇ: ಸ್ವಾಯತ್ತ ನಿಗಮಗಳ ಕೆಲಸದಲ್ಲಿ ಸರ್ಕಾರ ಕೈಹಾಕಬಾರದು, ಹಾಕಲೇಬೇಕಾದರೆ ಲಿಖಿತ ನಿರ್ದೇಶನ ಕೊಡುವ ಹೊಣೆಯಿಂದ ತಪ್ಪಿಸಿಕೊಳ್ಳಬಾರದು.

ಆ 7ನೆಯ ಕಲಮು ದಶಕಗಳ ಕಾಲ ಪುಸ್ತಕದಲ್ಲೇ ಉಳಿಯಿತು. 2018ರ ಅಕ್ಟೋಬರ್ ಹೊತ್ತಿಗೆ ಕೇಂದ್ರ ಸರ್ಕಾರ ಅದರಡಿ ರಿಸರ್ವ್ ಬ್ಯಾಂಕಿನೊಂದಿಗೆ ಸಮಾಲೋಚನೆ ಆರಂಭಿಸಿದೆ ಎಂಬ ಸುದ್ದಿ ಬಂದಾಗ ಪೇಟೆಯೂ ಪತ್ರಿಕೆಗಳೂ ಬೆಚ್ಚಿದವು. ಡಿಸೆಂಬರ್ 10ರಂದು ಗವರ್ನರ್ ಊರ್ಜಿತ್ ಪಟೇಲ್ ವೈಯಕ್ತಿಕ ಕಾರಣ ಹೇಳಿ ರಾಜೀನಾಮೆ ಕೊಟ್ಟರು. ಅಷ್ಟರಲ್ಲಿ ಬಡ್ಡಿ ದರದ ಮಟ್ಟಿಗೆ ಮಾತ್ರ ರಾಮರಾಯರ ಕೋರಿಕೆಗೆ ಉತ್ತರ ಸಿಕ್ಕಿತ್ತು. 2016ರಿಂದ ದರ ನಿರ್ಧರಿಸುವುದು ಆರು ಜನರ ಹಣಕಾಸು ನೀತಿ ಸಮಿತಿ. ಮೂವರು ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದವರು. ಬೆಲೆಯೇರಿಕೆಯ ಗುರಿ ಗೊತ್ತುಮಾಡುವುದು ಸರ್ಕಾರ, ಅದನ್ನು ಮುಟ್ಟುವ ದಾರಿ ಆಯುವುದು ಸಮಿತಿ. ಯಾರು ಯಾವ ಕಡೆ ಮತ ಹಾಕಿದರು, ಏಕೆ ಹಾಕಿದರು ಎಂಬುದು ಅಚ್ಚಾಗಿ ಹೊರಬರುತ್ತದೆ.

ಇಷ್ಟರಿಂದ ಜಗಳಗಳು ನಿಲ್ಲುವುದಿಲ್ಲ; ನಿಲ್ಲಲೂ ಬಾರದು. ಚುನಾವಣೆಗೆ ನಿಲ್ಲುವವರಿಗೆ ಸಾಲ ಅಗ್ಗವಾಗಿರಬೇಕು, ನೋಟಿನ ಮೇಲೆ ಸಹಿ ಹಾಕುವವರಿಗೆ ಅದರ ಬೆಲೆ ಉಳಿಯಬೇಕು. ಈ ಎಳೆದಾಟ ಎರಡೂ ಕುರ್ಚಿಗಳ ಸ್ವಭಾವದಲ್ಲೇ ಇದೆ. ಅದು ಕಾಗದದ ಮೇಲೆ, ಹೆಸರು ಹೇಳಿ, ಮುಂಚಿತವಾಗಿ ನಡೆದರೆ ದೇಶಕ್ಕೆ ನಷ್ಟವಿಲ್ಲ. ತೆರಿಗೆಯ ಪಟ್ಟಿಯ ಮೂಲೆಯಲ್ಲಿ ಅಡಗಿ ಬಂದಾಗ ಒಬ್ಬ ಗವರ್ನರ್ ಹೋದರು. ಬಾಯಿಮಾತಿನಲ್ಲಿ ನಡೆದಾಗ ಪಾಲಿಸಿದಾರರ ಹಣ ಹೋಯಿತು, ಒಬ್ಬ ಸಚಿವರೂ ಹೋದರು.